ಮೂರನೇ ಸಲದ ಬೆಳಕು

ಚರಕ್ — ಮತ್ತೆ ಅದೇ ಸದ್ದು, ಕೂತಲ್ಲೇ ಸ್ವಲ್ಪ ವಾಲಿದರೆ ಸಾಕು ಬಟ್ಟೆಯೊಳಗೆ ಮುಲಾಮಿನ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಬಾಯಿ ಬಿಡುತ್ತದೆ, ಯಾರೋ ಕದ್ದು ಬಿಸ್ಕತ್ತಿನ ಪೊಟ್ಟಣ ತೆರೆದ ಹಾಗೆ, ಎದುರಿನ ಅಜ್ಜಿ ತಲೆಯೆತ್ತಿದರು, ನನ್ನನ್ನು ನೋಡಿದರೋ ನನ್ನ ತಲೆಯ ಮೇಲಿನ ಗಡಿಯಾರವನ್ನೋ, ಗಡಿಯಾರವನ್ನೇ ಇರಬೇಕು, ಹತ್ತು ಇಪ್ಪತ್ತು, ಮುಲಾಮು ಹಚ್ಚಿ ಒಂದು ಗಂಟೆ ಐದು ನಿಮಿಷ ಆಯಿತು, ಅದು ಒಳಗಿಳಿಯಲು ಮೂರು ಗಂಟೆ ಬೇಕು, ಆಮೇಲೆ ಕೆಂಪು ದೀಪದ ಕೆಳಗೆ ಇಪ್ಪತ್ತು ನಿಮಿಷ, ಇದು ಮೂರನೇ ಸಲ, ಕೊನೇ ಸಲ, ಬಹುಶಃ ಕೊನೇ ಸಲ ಎಂದರು ಡಾಕ್ಟರಮ್ಮ, ಆ ಬಹುಶಃ ಎನ್ನುವುದನ್ನು ನಾನು ಕಿವಿಯಿಂದಲೇ ಆಚೆ ಬಿಟ್ಟೆ, ಇವರು ಬಿಡಲಿಲ್ಲ, ಬಹುಶಃ ಅಂದ್ರೆ ಎಷ್ಟು ಡಾಕ್ಟ್ರೇ ಎಂದು ಕೇಳಿದರು, ಪುಸ್ತಕ ಕಟ್ಟುವವರ ಬುದ್ಧಿ, ಎಲ್ಲಕ್ಕೂ ಅಳತೆ ಬೇಕು — ಇವರು ಒಂದು ಕುರ್ಚಿ ಬಿಟ್ಟು ಕೂತಿದ್ದಾರೆ, ನಡುವಿನ ಕುರ್ಚಿಯಲ್ಲಿ ನನ್ನ ಕೈಚೀಲ, ಆಗ ಒಬ್ಬ ಹುಡುಗಿ ಬಂದು ಇಲ್ಲಿ ಯಾರಾದ್ರೂ ಇದ್ದಾರಾ ಎಂದು ಕೇಳಿದಾಗ ಇಬ್ಬರೂ ಒಟ್ಟಿಗೇ ಹ್ಞೂಂ ಇದ್ದಾರೆ ಎಂದೆವು, ಯಾರು ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆವೋ. ಇಪ್ಪತ್ತಾರು ವರ್ಷ ಗಂಡ ಹೆಂಡತಿ ಆಗಿದ್ದು ಈಗ ಬಸ್ಸಿನಲ್ಲಿ ಸಿಕ್ಕ ಪರಿಚಯದವರ ಹಾಗೆ ಕೂತಿದ್ದೇವೆ, ನೀರು ಬೇಕಾ, ಬೇಡ, ಫ್ಯಾನ್ ಕಡೆ ಕೂರ್ತೀಯಾ, ಇಲ್ಲೇ ಪರವಾಗಿಲ್ಲ, ಇವರ ದನಿಯಲ್ಲಿ ಅದೆಂಥ ಮರ್ಯಾದೆ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ, ಮೊದಲೆಲ್ಲ ನನ್ನ ಜೊತೆ ಜಗಳ ಆಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು. ಕಾಲು ಸಡಿಲ ಬಿಡಿ ಅಮ್ಮ ಎಂದಳು ಮುಲಾಮು ಹಚ್ಚುವ ಸಿಸ್ಟರ್, ಇನ್ನೂ ಸಡಿಲ, ಭಯ ಬೇಡ — ಇದು ನಾನು ದಿನಕ್ಕೆ ಇಪ್ಪತ್ತು ಸಲ ಬೇರೆಯವರಿಗೆ ಹೇಳುವ ಮಾತು, ಕ್ಲಚ್ ಮೇಲಿನ ಕಾಲು ಸಡಿಲ ಬಿಡಿ, ಭಯ ಬೇಡ, ನನ್ನ ಕಡೇನೂ ಒಂದು ಬ್ರೇಕ್ ಇದೆ. ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸುವುದೇ ನನ್ನ ಕೆಲಸ, ಇಪ್ಪತ್ತೆರಡು ವರ್ಷದಿಂದ ನನ್ನ ಕಾಲು ಆ ಎರಡನೇ ಬ್ರೇಕಿನ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ತೂಗಾಡಿಕೊಂಡೇ ಇದೆ, ಸಡಿಲ ಬಿಡಿ ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ.

ನರಹುಲಿ, ಹೆಸರಿನಲ್ಲಿ ಹುಲಿ, ನೋಡಿದರೆ ಸಾಸಿವೆ ಕಾಳು, ಮೊದಲು ಒಂದೇ ಇತ್ತು, ಸ್ನಾನದಲ್ಲಿ ಬೆರಳಿಗೆ ಸಿಕ್ಕಿತು, ದಿನಾ ಹತ್ತು ಗಂಟೆ ಸೀಟಿನಲ್ಲಿ ಕೂತರೆ ಇನ್ನೇನಾಗುತ್ತೆ ಬಿಸಿಗೆ ಗುಳ್ಳೆ ಎಂದುಕೊಂಡೆ, ಆಮೇಲೆ ಮೂರಾಯಿತು, ಆಮೇಲೆ ಎಣಿಸುವುದನ್ನು ಬಿಟ್ಟೆ, ಎಣಿಸದಿದ್ದರೆ ಇರುವುದಿಲ್ಲವೇನೋ ಎಂಬಂತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನನ್ನ ಹತ್ತಿರ ಕಾರು ಕಲಿಯಲು ಬರುವ ಹುಡುಗಿಯರ ವಯಸ್ಸು, ಕೈಗವಸು ತೆಗೆದು ಕಸದ ಡಬ್ಬಿಗೆ ಹಾಕಿ, ಇದು ಒಬ್ಬರ ಮೈಯಿಂದ ಒಬ್ಬರ ಮೈಗೆ ಬರೋದು ಎಂದರು, ತಪ್ಪು ಅಂತ ಅಲ್ಲ, ತುಂಬಾ ಜನಕ್ಕೆ ಬರುತ್ತೆ, ಯಾವಾಗ ಬಂತು ಅಂತ ಹೇಳೋಕಾಗಲ್ಲ, ಎಷ್ಟೋ ವರ್ಷ ಮೈಯಲ್ಲಿ ಮಲಗಿದ್ದು ಒಂದು ದಿನ ಎದ್ದು ಕೂರಬಹುದು, ಯಾರಿಂದ ಬಂತು ಅಂತಾನೂ ಹೇಳೋಕಾಗಲ್ಲ — ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು, ಪಾಪ ಅವರಿಗೂ ಗೊತ್ತಿಲ್ಲದಿದ್ದರೆ ಇನ್ನೇನು ಹೇಳುತ್ತಾರೆ, ಗರ್ಭಕೋಶದ ಬಾಯಿಯ ಪರೀಕ್ಷೆಯನ್ನೂ ಮಾಡಿಸಿದರು, ಅದರಲ್ಲಿ ಏನೂ ಇರಲಿಲ್ಲ, ನಿಮ್ಮ ಯಜಮಾನ್ರನ್ನೂ ಒಂದು ಸಲ ಕರ್ಕೊಂಡು ಬನ್ನಿ ಎಂದರು. ನಾನು ಅಂದು ಮನೆಗೆ ಹೇಗೆ ಬಂದೆ, ಯಾವ ಗೇರಿನಲ್ಲಿ ಬಂದೆ ಗೊತ್ತಿಲ್ಲ, ಎರಡೇ ವರ್ಷ ಎಂದು ಡಾಕ್ಟರಮ್ಮ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು, ಎಷ್ಟೋ ವರ್ಷ ಎಂದರೆ ಹನ್ನೊಂದು ವರ್ಷವೂ ಅದರೊಳಗೆ ಬಂತು. ದಾರಿಯುದ್ದಕ್ಕೂ ಒಂದೇ ವಾಕ್ಯ ಜೋಡಿಸಿಕೊಂಡೆ, ರೀ, ನಾನು ನಿಮಗೆ ಒಂದು ವಿಷಯ ಹೇಳಬೇಕು, ಅದಾದ ಮೇಲಿನ ವಾಕ್ಯ ಜೋಡಿಸಲು ಆಗಲಿಲ್ಲ, ಆಗ ಹೇಗೋ ಬರುತ್ತೆ ಎಂದುಕೊಂಡೆ.

ಸಂಜೆ ಆರು ಗಂಟೆ, ಇವರು ಮೇಜಿನ ಮುಂದೆ ಕೂತು ಯಾರದೋ ಹಳೇ ನಿಘಂಟಿಗೆ ಹೊಸ ಬೆನ್ನುಪಟ್ಟಿ ಅಂಟಿಸುತ್ತಿದ್ದರು, ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಮನೆಗೆ ತರುವುದು ಇವರ ಚಟ, ಮೈದಾ ಅಂಟಿನ ಹುಳಿ ವಾಸನೆ, ನಾನು ಬಾಗಿಲಲ್ಲೇ ನಿಂತು ಡಾಕ್ಟರು ಹೇಳಿದ್ದನ್ನು ಹೇಳಿದೆ, ಒಬ್ಬರ ಮೈಯಿಂದ ಒಬ್ಬರ ಮೈಗೆ ಬರುತ್ತಂತೆ ಎಂದೆ, ಆಮೇಲೆ ಜೋಡಿಸಿಟ್ಟ ವಾಕ್ಯ, ರೀ, ನಾನು ನಿಮಗೆ ಒಂದು ವಿಷಯ ಹೇಳಬೇಕು — ಇವರ ಕೈಯಲ್ಲಿದ್ದ ಕುಂಚ ನಿಂತಿತು, ಬೇಡ, ನೀನೇನೂ ಕೇಳಬೇಡ, ನಾನೇ ಹೇಳ್ತೀನಿ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಕುಂಬಳಕಾಯಿ ಎಂದೂ ಅಂದಿರಲಿಲ್ಲ. ಹದಿನೆಂಟು ವರ್ಷದ ಹಿಂದೆ, ಅಂಗಡಿಯಲ್ಲಿ ಹಾಳೆ ಹೊಲಿಯಲು ಬರುತ್ತಿದ್ದ ಹೆಂಗಸು, ಒಂದೂವರೆ ವರ್ಷ, ಆಮೇಲೆ ಅವಳ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೋದಳು, ಅಷ್ಟೇ, ಮುಗೀತು, ನಿಂಗೆ ಹೇಳೋಕೆ ಧೈರ್ಯ ಬರಲಿಲ್ಲ, ಅದರ ಫಲ ಈಗ ನೀನು ಅನುಭವಿಸ್ತಾ ಇದೀಯ. ಅವಳು ನನಗೆ ಗೊತ್ತಿದ್ದವಳು, ಅಂಗಡಿಗೆ ಹೋದಾಗ ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಳು, ನನಗೆ ಅಕ್ಕಾ ಎನ್ನುತ್ತಿದ್ದಳು, ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು, ನಾಟಕ ಅಲ್ಲ, ದೇವರಾಣೆಗೂ ನಾಟಕ ಅಲ್ಲ, ಕೈಗೆ ಸಿಕ್ಕ ಅಂಟಿನ ಬಟ್ಟಲನ್ನು ಎಸೆದೆ, ಗೋಡೆಯ ಮೇಲೆ ಅಂಟು ಇಳಿಯಿತು, ಬಾಯಿಗೆ ಬಂದದ್ದೆಲ್ಲ ಅಂದೆ, ಇವರು ಒದ್ದೆ ಬಟ್ಟೆ ತಂದು ಗೋಡೆ ಒರೆಸಿದರು. ಬೈಯುತ್ತಾ ಬೈಯುತ್ತಾ ನನ್ನೊಳಗೆ ಇನ್ನೊಬ್ಬಳು ಸಮಾಧಾನವಾಗಿ ಕೂತಿದ್ದಳು, ಬದುಕಿದೆಯಾ ಬಡಜೀವವೇ ಎಂದುಕೊಂಡು, ಅವಳನ್ನು ನಾನು ನೋಡಿದೆ, ನೋಡಿಯೂ ಬೈಗುಳ ನಿಲ್ಲಿಸಲಿಲ್ಲ. ಅಂದು ರಾತ್ರಿ ಇವರು ಚಾಪೆ, ದಿಂಬು ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು.

ಗಡಿಯಾರ ಹನ್ನೊಂದಕ್ಕೆ ಐದು ಕಡಿಮೆ, ಅಜ್ಜಿಯ ಸರದಿ ಬಂತು, ಎದ್ದು ಹೋದರು, ಹೋಗುವಾಗ ನನ್ನ ಭುಜ ತಟ್ಟಿದರು, ಯಾಕೆ ತಟ್ಟಿದರೋ, ಸದ್ದು ಕೇಳಿಸಿತ್ತೋ ಏನೋ. ಇವರಿಗೆ ಗೊತ್ತಿಲ್ಲದ ನನ್ನ ಮೂರು ಸಲ, ಹ್ಞಾಂ ಬರೀ ಮೂರು ಸಲ, ನಾನು ಅದನ್ನು ಇವರ ಒಂದೂವರೆ ವರ್ಷದ ಪಕ್ಕ ಇಟ್ಟು ನೋಡುತ್ತೇನೆ, ದಿನಾ ನೋಡುತ್ತೇನೆ, ಮೂರು ಮಧ್ಯಾಹ್ನ ಚಿಕ್ಕದು ಒಂದೂವರೆ ವರ್ಷ ದೊಡ್ಡದು, ಆದರೆ ಬರುವ ರೋಗಕ್ಕೆ ಒಂದು ಮಧ್ಯಾಹ್ನ ಸಾಕು, ಅದೇನು ಹಾಜರಿ ಪುಸ್ತಕ ನೋಡಿ ಬರುತ್ತದೆಯೇ. ಹನ್ನೊಂದು ವರ್ಷದ ಹಿಂದೆ, ಅವನು ನಮ್ಮ ಕಲಿಕೆಯ ಕಾರಿಗೆ ಎರಡನೇ ಬ್ರೇಕ್ ಕೂರಿಸಿದವನು, ಹೊಸ ಕಾರು ಬಂದಿತ್ತು, ಪಕ್ಕದ ಸೀಟಿನ ಕೆಳಗೆ ಪೆಡಲು ಹಾಕಿಸಬೇಕು, ಕೂತ್ಕೊಳ್ಳಿ ಮೇಡಂ, ಕಾಲು ಚಾಚಿ, ನಿಮ್ಮ ಕಾಲಿನ ಅಳತೆಗೇ ಕೂರಿಸ್ತೀನಿ, ಎಲ್ಲರಿಗೂ ಒಂದೇ ಅಳತೆಗೆ ಹಾಕಿ ಬಿಡ್ತಾರೆ, ಆಮೇಲೆ ಸೊಂಟ ನೋವು ಬರುತ್ತೆ ಎಂದ, ಬಾಗಿಲ ಪಕ್ಕ ನೆಲದ ಮೇಲೆ ಕೂತು ನನ್ನ ಪಾದವನ್ನು ಕೈಯಲ್ಲಿ ಹಿಡಿದು ಪೆಡಲಿನ ಮೇಲಿಟ್ಟು ಸರಳು ಉದ್ದ ಮಾಡಿದ, ಗಿಡ್ಡ ಮಾಡಿದ, ಈಗ ಒತ್ತಿ, ಈಗ ಬಿಡಿ, ಸರಿಯಾಯ್ತಾ, ನನಗೆ ಯಾರೂ ಸರಿಯಾಯ್ತಾ ಎಂದು ಕೇಳಿರಲಿಲ್ಲ, ಇವರು ಆ ಕಾಲದಲ್ಲಿ ಮನೆಯಲ್ಲಿ ತಲೆಯೆತ್ತಿದ್ದೇ ಕಡಿಮೆ, ಪುಸ್ತಕ, ರಟ್ಟು, ಅಂಟು, ಆದರೆ ಅದು ನೆಪ, ನೆಪ ಎಂದು ನನಗೂ ಗೊತ್ತು, ಬೇಕು ಅನ್ನಿಸಿತು ಹೋದೆ, ವರ್ಕ್‌ಶಾಪಿನ ಮೇಲಿನ ಅಟ್ಟ, ಟೈರಿನ ವಾಸನೆ, ಮೂರು ಮಧ್ಯಾಹ್ನ, ನಾಲ್ಕನೆಯ ಸಲ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ. ಆಮೇಲೆ ಅವನು ವರ್ಕ್‌ಶಾಪ್ ಮುಚ್ಚಿ ಎಲ್ಲಿಗೋ ಹೋದ, ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಆದರೆ ಆ ಬ್ರೇಕು ಇದೆ, ಮೂರು ಕಾರು ಬದಲಾದರೂ ಅದೇ ಅಳತೆ ಕೊಟ್ಟು ಹಾಕಿಸಿಕೊಂಡಿದ್ದೇನೆ, ದಿನಾ ಒತ್ತುತ್ತೇನೆ. ನಿದ್ದೆಯಲ್ಲೂ ಒತ್ತುತ್ತೇನೆ, ಇವರ ಮೊಣಕಾಲ ಕೆಳಗಿನ ಮೂಳೆಗೆ ಸರಿಯಾಗಿ ಬೀಳುತ್ತಿತ್ತು, ಬೆಳಿಗ್ಗೆ ಎದ್ದು ನೀಲಿ ಕಲೆ ತೋರಿಸಿ, ನೋಡು ನಿನ್ನ ಶಿಷ್ಯ ನೆನ್ನೆ ಯಾವ ಲಾರಿಗೆ ಗುದ್ದೋನಿದ್ದ ಎನ್ನುತ್ತಿದ್ದರು, ಈಗ ಐದು ತಿಂಗಳಿಂದ ನನ್ನ ಕಾಲು ಹಾಸಿಗೆಯ ಆ ಕಡೆಯವರೆಗೂ ಹೋಗುತ್ತದೆ, ಏನೂ ಸಿಗುವುದಿಲ್ಲ, ತಣ್ಣಗಿನ ಬಟ್ಟೆ ಅಷ್ಟೇ, ಎಚ್ಚರವಾಗುತ್ತದೆ.

ಇವರನ್ನೂ ಪರೀಕ್ಷೆ ಮಾಡಿದರು, ಏನೂ ಕಾಣಲಿಲ್ಲ, ಕಾಣದಿದ್ದರೆ ಇಲ್ಲ ಅಂತಾನೂ ಅಲ್ಲ, ಇದೆ ಅಂತಾನೂ ಅಲ್ಲ ಎಂದರು ಡಾಕ್ಟರಮ್ಮ, ಇವರು ಅದನ್ನೂ ತಮ್ಮ ತಲೆಗೇ ಕಟ್ಟಿಕೊಂಡರು, ಕೊಟ್ಟೋನು ನಾನು, ಬಚಾವಾದೋನೂ ನಾನೇ, ಎಂಥ ನ್ಯಾಯ ನೋಡು. ಮೊದಲು ಚರ್ಮ ಹೆಪ್ಪುಗಟ್ಟುವಷ್ಟು ತಣ್ಣಗಿನ ಗ್ಯಾಸ್ ಹಾಯಿಸಿ ಸುಟ್ಟರು, ಹೋಯಿತು, ಬಂತು, ಮತ್ತೆ ಸುಟ್ಟರು, ಮತ್ತೆ ಬಂತು, ಆಮೇಲೆ ಈ ಬೆಳಕಿನ ಚಿಕಿತ್ಸೆ, ಹದಿನೈದು ದಿನಕ್ಕೊಮ್ಮೆ, ಮುಲಾಮನ್ನ ಕೆಟ್ಟ ಚರ್ಮ ಜಾಸ್ತಿ ಕುಡಿಯುತ್ತೆ, ಒಳ್ಳೇ ಚರ್ಮ ಕಡಿಮೆ, ಬೆಳಕು ಬಿದ್ದಾಗ ಜಾಸ್ತಿ ಕುಡಿದದ್ದೇ ಸುಡುತ್ತೆ, ಯಾವುದು ಕೆಟ್ಟದ್ದು ಅಂತ ಬೆಳಕಿಗೆ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ ಎಂದು ಕೇಳಿದ್ದೆ, ಬೆಳಕಿಗೇನೂ ಗೊತ್ತಾಗಲ್ಲ, ಕುಡಿದೋರು ಸಿಕ್ಕಿಬೀಳ್ತಾರೆ ಅಷ್ಟೇ ಎಂದು ನಕ್ಕರು, ನಾನೂ ನಕ್ಕೆ, ಇವರು ನಗಲಿಲ್ಲ, ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ದಿನ ಆ ಜಾಗಕ್ಕೆ ಜೋರು ಬೆಳಕು ಬೀಳಬಾರದು ಎಂದಳು ಸಿಸ್ಟರ್, ಇವರು ಅದನ್ನೂ ಬರೆದುಕೊಂಡರು, ಅಡಿಗೆರೆ ಎಳೆದರು. ಬಟ್ಟೆ ಹಾಕಿಕೊಂಡರೆ ಸಾಕು, ಇಷ್ಟು ಸುಲಭದ ಮಾತು, ಯಾರಿಗಾದರೂ ಗೊತ್ತಾಗುತ್ತದೆ, ಆದರೆ ಮೊದಲ ಸಲ ದೀಪ ಮುಗಿಸಿ ಮನೆಗೆ ಬಂದು ನಾನು ಮಲಗುವ ಕೋಣೆಯ ಮಂಚದ ಮೇಲೆ ಕೂತಿದ್ದೇನೆ, ಇವರು ಅಂಗಡಿಯಿಂದ ಕಪ್ಪು ಕಾಗದದ ಸುರುಳಿ ಹೊತ್ತು ತಂದರು, ಪುಸ್ತಕಕ್ಕೆ ಒಳಹೊದಿಕೆ ಹಾಕುವ ದಪ್ಪ ಕಾಗದ, ಕಿಟಕಿಯ ಒಂದೊಂದು ಗಾಜಿಗೂ ಅಳತೆ ತೆಗೆದು ಕತ್ತರಿಸಿ ಮೂಲೆ ಮಡಿಸಿ ಅಂಟಿಸಿದರು, ಮೂಲೆ ಎಷ್ಟು ಚೊಕ್ಕಟ, ಯಾರ ಮನೆಯ ಕಿಟಕಿಗೂ ಅಂಥ ಮೂಲೆ ಸಿಕ್ಕಿರಲಿಕ್ಕಿಲ್ಲ, ಕೊನೆಯ ಗಾಜಿನ ಕಾಗದ ದೊಡ್ಡದು, ಅಂಟು ಹಸಿ, ಬಿಟ್ಟರೆ ಸುರುಳಿ ಸುತ್ತಿಕೊಂಡು ಬೀಳುತ್ತದೆ, ಇವರು ನನಗೆ ಬೆನ್ನು ಹಾಕಿ ಎರಡೂ ಅಂಗೈಯನ್ನು ಕಾಗದದ ಮೇಲೆ ಒತ್ತಿಕೊಂಡು ನಿಂತರು. ಬೆರಳು ಅಗಲಿಸಿ, ತೋಳು ಮೇಲಕ್ಕೆ, ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ, ಐದು ನಿಮಿಷ, ಹತ್ತು ನಿಮಿಷ, ಅಂಟು ಆರುವವರೆಗೆ ಬಿಡಬಾರದು, ಬಿಟ್ಟರೆ ಮತ್ತೆ ಹಿಡಿಯಲ್ಲ, ಎಂದರು, ನನಗಲ್ಲ, ಕಾಗದಕ್ಕೆ ಹೇಳಿದ ಹಾಗೆ, ತೋಳು ನಡುಗುತ್ತಿತ್ತು, ಅಂಗಿ ಮೇಲಕ್ಕೆ ಸರಿದು ಸೊಂಟದ ಬಿಳಿ ಕಾಣುತ್ತಿತ್ತು, ಬಟ್ಟೆ ಸಾಕು, ಕಾಗದ ಬೇಡ, ನಾಲ್ಕು ಮಾತು, ನಾಲ್ಕು ಮಾತು ಬಾಯಿಗೆ ಬಂದವು, ನಾನು ಒತ್ತಿ ನಿಲ್ಲಿಸಿದೆ. ಹೇಳಿದ್ದರೆ ತೋಳು ಇಳಿಸಿ ಬಂದು ನನ್ನ ಪಕ್ಕ ಕೂರುತ್ತಿದ್ದರು, ಕೂತರೆ ನಾನು ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಆ ಕಪ್ಪು ಕಾಗದ ಇನ್ನೂ ಇದೆ, ಹಗಲಲ್ಲೂ ಕೋಣೆಯಲ್ಲಿ ದೀಪ ಬೇಕು.

ಬಿಸಿಲು — ಕಾರಿಡಾರಿನ ಕಿಟಕಿಯಿಂದ ನೆಲದ ಮೇಲೆ ಬಿದ್ದ ಬಿಸಿಲ ತುಂಡು ಆಗ ಕಂಬದ ಹತ್ತಿರ ಇತ್ತು, ಈಗ ನನ್ನ ಚಪ್ಪಲಿಗೆ ಒಂದು ಅಡಿ ದೂರ, ಇವರು ಅದನ್ನೇ ನೋಡುತ್ತಿದ್ದಾರೆ, ನನಗೆ ಗೊತ್ತು, ಓದುವ ಹಾಗೆ ಪತ್ರಿಕೆ ಹಿಡಿದಿದ್ದಾರೆ, ಒಂದು ಗಂಟೆಯಿಂದ ಹಾಳೆ ಮಗುಚಿಲ್ಲ, ಬಿಸಿಲು ಚಪ್ಪಲಿಯ ತುದಿಗೆ ಬಂತು, ಇವರು ಎದ್ದರು, ಬೇರೆ ಕಡೆ ಕೂರು ಎಂದು ಹೇಳಲಿಲ್ಲ, ಹೇಳುವ ಸಲಿಗೆ ಈಗ ಇಲ್ಲ, ಕಿಟಕಿಯ ಹತ್ತಿರ ಹೋದರು, ಪರದೆ ಇಲ್ಲ, ಸುಮ್ಮನೆ ಗಾಜಿಗೆ ಬೆನ್ನು ಕೊಟ್ಟು ನಿಂತರು, ಬಿಸಿಲು ಹೋಯಿತು, ಇವರ ನೆರಳು ನನ್ನ ಮಡಿಲ ಮೇಲೆ ಬಿತ್ತು, ಚೀಟಿ ಕೊಡುವವನು ನೋಡುತ್ತಿದ್ದಾನೆ, ಅಲ್ಲಿ ಯಾಕೆ ನಿಂತ್ರಿ ಸಾರ್ ಕೂತ್ಕೊಳ್ಳಿ ಎಂದ, ಪರವಾಗಿಲ್ಲ ಕಾಲು ಜೋಮು ಹಿಡಿದಿದೆ ಎಂದರು. ಐವತ್ತೆಂಟು ವರ್ಷದ ಮನುಷ್ಯ, ಎರಡು ಪದರ ಬಟ್ಟೆ ಹಾಕಿಕೊಂಡು ಕೂತ ಹೆಂಗಸಿಗೆ ಬಿಸಿಲು ಬೀಳದ ಹಾಗೆ ನಿಂತಿದ್ದಾನೆ, ನೋಡಿದವರು ನಗಬೇಕು, ನನಗೆ ಅಳು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಇಂದು ಬೆಳಿಗ್ಗೆ ಹೊರಡುವಾಗ ಬಾಗಿಲಿಗೆ ಬೀಗ ಹಾಕುತ್ತಾ ಹೇಳಿದರು, ಇವತ್ತು ಮುಗಿಯುತ್ತೆ, ಮುಗಿದ ಮೇಲೆ ನೀನೇ ಹೇಳು, ಇರಿ ಅಂದ್ರೆ ಇರ್ತೀನಿ, ಹೋಗಿ ಅಂದ್ರೆ ಅಂಗಡಿ ಮೇಲಿನ ರೂಮು ಖಾಲಿ ಇದೆ, ಮಾತಾಡಿ ಇಟ್ಟಿದೀನಿ, ಸಂಜೆಯೊಳಗೆ ಹೇಳಿದ್ರೆ ಸಾಕು, ನೀನು ಏನಂದ್ರೂ ನಂಗೆ ಬೇಜಾರಿಲ್ಲ — ಎಲ್ಲವನ್ನೂ ಹೇಗೆ ಅಳತೆ ಮಾಡಿ ಇಟ್ಟಿದ್ದಾರೆ, ನನ್ನ ಬಾಯಿಂದ ಒಂದು ಮಾತು ಬೀಳುವುದೊಂದೇ ಬಾಕಿ. ಇರಿ ಎಂದರೆ ಇರುತ್ತಾರೆ, ಸತ್ಯ ಹೇಳದೆ ಇರಿ ಎನ್ನಬಹುದು, ಯಾರಿಗೆ ಗೊತ್ತಾಗಬೇಕು, ಅವನು ಎಲ್ಲಿದ್ದಾನೋ, ಡಾಕ್ಟರಿಗೇ ಗೊತ್ತಿಲ್ಲ, ಇವರು ಜೀವಮಾನವಿಡೀ ಹೀಗೆ ಒಂದು ಕುರ್ಚಿ ಬಿಟ್ಟು ಕೂರುತ್ತಾರೆ, ನೀರು ಬೇಕಾ ಎನ್ನುತ್ತಾರೆ, ನಾನು ಅನ್ನ ಸೀಯಿಸಿದರೂ ಚೆನ್ನಾಗಿದೆ ಎನ್ನುತ್ತಾರೆ, ನನಗೆ ಗಂಡ ಸಿಗುವುದಿಲ್ಲ, ಒಬ್ಬ ಒಳ್ಳೆಯ ಆಳು ಸಿಗುತ್ತಾನೆ. ಹೇಳಿದರೆ ಹೋಗಬಹುದು, ಹೋಗುವ ಹಕ್ಕು ಆಗ ಇವರದಾಗುತ್ತದೆ, ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ, ಐದು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದೇನೆ, ನಾಲಿಗೆ ಸುಟ್ಟುಹೋಗಿದೆ. ಹನ್ನೆರಡು ಕಾಲು, ಸಿಸ್ಟರ್ ಬಾಗಿಲು ತೆಗೆದು ಬನ್ನಿ ಅಮ್ಮ ಎಂದಳು, ನಾನು ಎದ್ದೆ, ಚರಕ್, ಇವರು ಕಿಟಕಿಯಿಂದ ಅಲ್ಲಾಡಲಿಲ್ಲ, ನಾನು ಒಳಗೆ ಹೋಗುವವರೆಗೂ.

ಹಾಳೆ ತೆಗೆದಳು, ಹತ್ತಿಯಿಂದ ಒರೆಸಿದಳು, ತುಂಬಾ ಸಣ್ಣದಾಗಿದೆ ಅಮ್ಮ, ಎರಡೇ ಉಳಿದಿರೋದು ಎಂದಳು, ಕನ್ನಡಕ ಹಾಕಿದಳು, ಕಪ್ಪು ಗಾಜಿನ ದೊಡ್ಡ ಕನ್ನಡಕ, ಲೋಕವೆಲ್ಲ ಮಂಕು, ತಾನೂ ಹಾಕಿಕೊಂಡಳು, ಸೊಂಟದ ಹತ್ತಿರ ಅಡ್ಡಬಟ್ಟೆ ಎಳೆದಳು, ದೀಪವನ್ನು ಎರಡು ಕಾಲಿನ ನಡುವೆ ತಂದು ನಿಲ್ಲಿಸಿದಳು, ತಣ್ಣನೆ ಗಾಳಿಯ ಕೊಳವೆ ಪಕ್ಕದಲ್ಲಿ, ಯಂತ್ರದ ಮೇಲೆ ಇಪ್ಪತ್ತು ಎಂದು ಬಂತು, ಶುರು ಮಾಡ್ತೀನಿ, ತಡೆಯೋಕಾಗದಿದ್ರೆ ಕೈ ಎತ್ತಿ, ನಿಲ್ಲಿಸಿ ಮತ್ತೆ ಶುರು ಮಾಡೋಣ. ಮೊದಲ ನಿಮಿಷ ಬೆಚ್ಚಗೆ, ಎರಡನೆಯ ನಿಮಿಷ ಇರುವೆ, ಐದನೆಯ ನಿಮಿಷಕ್ಕೆ ಸೂಜಿ, ಕೆಂಪು ಕಾದ ಸೂಜಿಗಳು, ಒಂದೇ ಜಾಗ, ಕಾಲು ತಾನಾಗಿಯೇ ಚಾಚಿತು, ಒತ್ತಿತು, ಗಾಳಿಯನ್ನು ಒತ್ತಿತು, ಏನೂ ನಿಲ್ಲಲಿಲ್ಲ, ಕಾಲು ಅಲ್ಲಾಡಿಸಬೇಡಿ ಅಮ್ಮ, ಬೆಳಕು ಜಾಗ ತಪ್ಪುತ್ತೆ ಎಂದಳು, ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸಲ ಬೇರೆಯವರ ಪ್ರಾಣ ಉಳಿಸಿದ ಕಾಲು, ಮೊನ್ನೆ ಎಪ್ಪತ್ತು ವರ್ಷದ ಮೇಷ್ಟ್ರು, ಈ ವಯಸ್ಸಲ್ಲಿ ಕಾರು ಕಲಿಯುವ ಹಟ, ಹಿಂದಕ್ಕೆ ಹೋಗುವ ಬದಲು ಮುಂದಕ್ಕೆ ಬಿಟ್ಟು ಕಾಂಪೌಂಡಿಗೆ ಒಂದು ಗೇಣು ಇದ್ದಾಗ ನಾನು ಒತ್ತಿದೆ, ಮೇಷ್ಟ್ರು ಬೆವರು ಒರೆಸಿಕೊಂಡು, ಅಮ್ಮಾ, ನೀವು ಒತ್ತಿದ್ರೋ ನಾನು ಒತ್ತಿದ್ನೋ ಎಂದು ಕೇಳಿದರು, ಇಬ್ಬರೂ ಒತ್ತಿದ್ವಿ ಮೇಷ್ಟ್ರೇ ಎಂದೆ, ಸುಳ್ಳು, ಎಷ್ಟು ಸಲೀಸಾಗಿ ಬರುತ್ತದೆ ನನಗೆ ಸುಳ್ಳು, ಕಲಿಯುವವರಿಗೆ ಧೈರ್ಯ ಬರಲಿ ಎಂದು ಹೇಳುವ ಸುಳ್ಳು, ಹಾಗಾದರೆ ಇವರಿಗೆ ಹೇಳದ್ದು ಯಾರ ಧೈರ್ಯಕ್ಕೆ. ಹನ್ನೊಂದು ಎಂದು ತೋರಿಸುತ್ತದೆ ಯಂತ್ರ, ಹನ್ನೊಂದು ನಿಮಿಷ ಬಾಕಿ, ಉರಿ, ಉರಿ, ಗಾಳಿ ಸಾಲದು, ಕಿಟಕಿಯ ಮುಂದೆ ನಿಂತ ಬೆನ್ನು, ಎತ್ತಿದ ತೋಳು, ಕಾಗದದ ಮೇಲಿನ ಅಂಗೈ, ಹತ್ತು ನಿಮಿಷ ನಿಂತಿದ್ದರಲ್ಲ, ನಡುಗುತ್ತಾ, ನಾನು ಬಾಯಿ ಬಿಟ್ಟಿದ್ದರೆ ಇಳಿಸುತ್ತಿದ್ದ ತೋಳು — ನಾನು ಕೈ ಎತ್ತಿದೆ, ನಿಲ್ಲಿಸಲಾ ಅಮ್ಮ, ಬೇಡ, ನಿಲ್ಲಿಸಬೇಡಿ, ಹೊರಗೆ ನಮ್ಮ ಯಜಮಾನ್ರು ಇದ್ದಾರೆ, ಕರೀರಿ, ಈಗಲಾ, ಈಗಲೇ, ದೀಪ ಇರುವಾಗಲೇ, ಆರಿದ ಮೇಲೆ ನಾನು ಹೇಳಲ್ಲ. ಅವಳಿಗೆ ಏನು ಅರ್ಥವಾಯಿತೋ, ಒಂದು ಕನ್ನಡಕ ಎತ್ತಿಕೊಂಡು ಹೊರಗೆ ಹೋದಳು.

ಬಂದರು, ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡ ಹಾಗೆ ನಿಂತರು, ದೊಡ್ಡ ಕಪ್ಪು ಕನ್ನಡಕ, ತಮ್ಮ ಕನ್ನಡಕದ ಮೇಲೇ ಹಾಕಿಕೊಂಡಿದ್ದಾರೆ, ಕಿವಿಯ ಹತ್ತಿರ ಓರೆಯಾಗಿದೆ, ಕಣ್ಣು ಕಾಣುವುದಿಲ್ಲ, ನನ್ನದೂ ಕಾಣುವುದಿಲ್ಲ, ಒಳ್ಳೆಯದೇ ಆಯಿತು, ತುಂಬಾ ನೋವಾ, ಹ್ಞೂಂ, ನಿಲ್ಲಿಸು ಅನ್ನಲಾ, ಬೇಡ, ನೀವು ಅಲ್ಲೇ ಇರಿ, ಸಿಸ್ಟರ್ ಹೊರಗೆ ನಿಂತು ಬಾಗಿಲನ್ನು ಅರ್ಧ ಎಳೆದಳು, ಆರು ನಿಮಿಷ, ಉರಿಯ ಮಧ್ಯದಿಂದ ನನ್ನ ದನಿ ಬಂತು, ಕಲಿಸುವ ದನಿ, ನಿಧಾನ, ಒಂದೊಂದೇ. ರೀ, ಆವತ್ತು ನಿಮಗೆ ಒಂದು ವಿಷಯ ಹೇಳಬೇಕು ಅಂದೆನಲ್ಲ, ಅದು ನಿಮ್ಮ ವಿಷಯ ಅಲ್ಲ, ನನ್ನದು, ನೀವು ನನ್ನ ಮಾತಿಗೆ ಅಡ್ಡ ಬಂದ್ರಿ, ನಾನು ಸುಮ್ಮನಾದೆ, ಎರಡನೇ ಬ್ರೇಕ್ ಕೂರಿಸೋಕೆ ಬಂದಿದ್ನಲ್ಲ, ಅವನು, ಹನ್ನೊಂದು ವರ್ಷ ಆಯ್ತು, ಮೂರು ಸಲ, ಯಾರಿಂದ ಬಂತೋ ನಂಗೆ ಗೊತ್ತಿಲ್ಲ, ನಿಮ್ಮಿಂದಾನೇ ಅಂತ ನಾನು ಅನ್ನಲಿಲ್ಲ, ಆದ್ರೆ ಅಲ್ಲ ಅಂತಾನೂ ಹೇಳಲಿಲ್ಲ, ಐದು ತಿಂಗಳು ನಿಮ್ಮನ್ನ ಚಾಪೆ ಮೇಲೆ ಮಲಗಿಸ್ದೆ, ಇರಿ ಹೋಗಿ ಅನ್ನೋಕೆ ನಾನ್ಯಾರು, ಈಗ ನೀವು ಹೇಳಿ, ನೀವು ಹೇಳಿದ ಹಾಗೇ ಆಗ್ಲಿ. ಆಯಿತು, ಮುಗಿಯಿತು, ಬಾಯಿ ಖಾಲಿ, ಗಾಳಿಯ ಕೊಳವೆ ಉಸ್ ಎನ್ನುತ್ತಿದೆ, ಕೋಪ ಬಂದರೆ ಇವರ ಮೂಗಿನ ತುದಿ ಕೆಂಪಾಗುತ್ತದೆ, ಈ ಕೆಂಪಿನಲ್ಲಿ ಎಲ್ಲವೂ ಕೆಂಪು, ಏನು ತಿಳಿಯುವುದು, ನಾಲ್ಕು ನಿಮಿಷ, ಹೊರಟುಹೋಗುತ್ತಾರೆ, ಬಾಗಿಲು ಅಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ, ಕೈ ಎತ್ತಿದರು, ಬಾಗಿಲಿಗಲ್ಲ, ತಿರುಗಿದರು, ನನಗೆ ಬೆನ್ನು ಹಾಕಿದರು, ಗೋಡೆಯ ಕಡೆ ಮುಖ, ಎರಡೂ ತೋಳು ಮೇಲೆ, ಎರಡೂ ಅಂಗೈ ಗೋಡೆಯ ಮೇಲೆ, ಅಂದು ಹಸಿ ಅಂಟಿನ ಕಾಗದ ಒತ್ತಿ ಹಿಡಿದ ಹಾಗೇ, ಬೀಳದಿರಲೆಂದು ಆನಿಕೊಂಡಿದ್ದಾರೋ, ಏನನ್ನಾದರೂ ಬೀಳದಂತೆ ಹಿಡಿದಿದ್ದಾರೋ, ಬೆನ್ನು ಅಲುಗುತ್ತಿದೆ, ರೀ, ಎಂದೆ, ಮೂರು ನಿಮಿಷ, ನನ್ನ ಕಾಲು ಸುಮ್ಮನೆ ಬಿದ್ದಿದೆ, ಒತ್ತುತ್ತಿಲ್ಲ, ಕೆಂಪು ಗೋಡೆ, ಬೆರಳು ಅಗಲಿಸಿದ ಎರಡು ಅಂಗೈ, ಎರಡು ನಿಮಿಷ, ಬಿಟ್ಟಿಲ್ಲ, ಎರಡು ಅಂಗೈ, ಇನ್ನೂ ಬಿಟ್ಟಿಲ್ಲ, ಎರಡು ಅಂಗೈ —